ದನಿ ಛಂದ ಆಗೇದ್ರಿ

ಅತ್ತದ್ದನ್ನು ಮೊದಲು ಬಿಟ್ಟುಕೊಡುವುದು ಮೂಗು. ಮೈಕಿನ ಮುಂದೆ ಕೂತು ಸಂಬಳ ಪಡೆದವರಿಗೆ ಇದು ಗೊತ್ತು. ಮುಖ ತೊಳೆದು, ಕುಂಕುಮ ಸರಿಮಾಡಿಕೊಂಡು, ಸೆರಗು ಹೊದ್ದು ಬಂದರೆ ಎದುರಿಗಿದ್ದವರಿಗೆ ಏನೂ ಗೊತ್ತಾಗದೆ ಇರಬಹುದು. ಆದರೆ ಕಟ್ಟಿದ ಮೂಗು ಅಷ್ಟು ಬೇಗ ಬಿಡುವುದಿಲ್ಲ. ಮಕಾರ ಹೋಗಿ ಬಕಾರವಾಗುತ್ತದೆ, ನಕಾರ ಹೋಗಿ ದಕಾರ. ‘ನಮಸ್ಕಾರ’ ಎನ್ನಲು ಹೋದರೆ ‘ದಬಸ್ಕಾರ’ ಬರುತ್ತದೆ. ಕನ್ನಡದಲ್ಲಿ ಈ ಅನುನಾಸಿಕಗಳನ್ನು ತಪ್ಪಿಸಿ ಮಾತಾಡುತ್ತೇನೆಂದರೆ ಸಮಯ ಎಷ್ಟಾಯಿತೆಂದು ಹೇಳುವುದೂ ಸಾಧ್ಯವಿಲ್ಲ. ಹಾಗಾಗಿ ನಾನೊಂದು ನೇಮ ಮಾಡಿಕೊಂಡಿದ್ದೆ. ಡ್ಯೂಟಿಗೆ ಹೊರಡುವ ಮುಂಚಿನ ಒಂದು ತಾಸು ಅಳುವಂತಿಲ್ಲ. ಅಳುವುದಿದ್ದರೆ ಬಂದ ಮೇಲೆ.

ಧಾರವಾಡ ಆಕಾಶವಾಣಿ ಆರಂಭವಾದದ್ದು 1950ರ ಜನವರಿ 8ರಂದು. ನಾನು ಉದ್ಘೋಷಕಿಯಾಗಿ ಅಲ್ಲಿಗೆ ಹೋಗುವ ಹೊತ್ತಿಗೆ ಅದಕ್ಕೆ ಮೂವತ್ತು ತುಂಬಿತ್ತು, ನನಗೆ ಇನ್ನೂ ತುಂಬಿರಲಿಲ್ಲ. ಆಗ ಎಲ್ಲವೂ ಟೇಪು, ಗ್ರಾಮಫೋನ್ ತಟ್ಟೆ. ಕೈಯಲ್ಲಿ ಕ್ಯೂ ಶೀಟು, ಎದುರಿಗೆ ದೊಡ್ಡ ಗಡಿಯಾರ, ಗಾಜಿನ ಆಚೆ ಎಂಜಿನಿಯರು. ಯಾವ ಸೆಕೆಂಡಿಗೆ ಬಾಯಿ ತೆರೆಯಬೇಕು, ಯಾವ ಸೆಕೆಂಡಿಗೆ ಫೇಡರ್ ಇಳಿಸಬೇಕು, ರೆಕಾರ್ಡು ಬೇಗ ಮುಗಿದರೆ ಯಾವ ವಾದ್ಯಸಂಗೀತವನ್ನು ಫಿಲ್ಲರಾಗಿ ಹಾಕಬೇಕು, ಎಲ್ಲಕ್ಕೂ ಉತ್ತರವಿತ್ತು. ಬರೆಯದೆ ಬಿಟ್ಟದ್ದು ಏನೂ ಇರಲಿಲ್ಲ. ಆ ಕೋಣೆಯ ಹೊರಗೆ ನನ್ನ ಬದುಕು ಹೇಗಿತ್ತೆಂದರೆ, ಮುಂದಿನ ಗಳಿಗೆ ಮನೆಯಲ್ಲಿ ಏನಾಗುತ್ತದೆಂದು ಹೇಳುವ ಚೀಟಿ ಯಾರ ಹತ್ತಿರವೂ ಇರಲಿಲ್ಲ.

ನನ್ನ ಮನೆಯವರು ಬ್ಯಾಂಕಿನಲ್ಲಿದ್ದರು. ಕೈ ಎತ್ತಿದವರಲ್ಲ, ಕುಡಿದವರಲ್ಲ, ಕೆಟ್ಟ ಮಾತು ಆಡಿದವರೂ ಅಲ್ಲ. ಅವರು ಮಾತು ಬಿಡುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ನಾನು ಬರುವುದು ತಡವಾಯಿತೆಂದೋ, ತವರಿಗೆ ಹೇಳದೆ ಹೋಗಿ ಬಂದೆನೆಂದೋ, ಕಾರಣವೇ ಸಿಗದ ಇನ್ನಾವುದಕ್ಕೋ ಒಂದು ಸಂಜೆ ಬಾಯಿ ಮುಚ್ಚಿದರೆ ವಾರಗಟ್ಟಲೆ ತೆರೆಯುತ್ತಿರಲಿಲ್ಲ. ಊಟಕ್ಕೆ ಕೂಡುತ್ತಿದ್ದರು, ಬಡಿಸಿದ್ದನ್ನು ಉಣ್ಣುತ್ತಿದ್ದರು, ಸಾಕೆಂದು ಕೈ ಅಡ್ಡ ಹಿಡಿಯುತ್ತಿದ್ದರು. ಅಷ್ಟೇ. ಮಾಳಮಡ್ಡಿಯ ಆ ಬಾಡಿಗೆ ಮನೆಯ ಪಡಸಾಲೆಯಲ್ಲಿ ರೊಟ್ಟಿ ಮುರಿಯುವ ಸಪ್ಪಳವೂ ಕೇಳುತ್ತಿತ್ತು. ಬೈಗುಳಕ್ಕೆ ಉತ್ತರ ಕೊಡಬಹುದು. ಇದಕ್ಕೆ ಏನು ಕೊಡುವುದು? ನಾನು ತಪ್ಪು ಹುಡುಕುತ್ತಿದ್ದೆ, ಸಿಗದಿದ್ದರೆ ಒಂದನ್ನು ಹುಟ್ಟಿಸಿಕೊಂಡು ಕ್ಷಮೆ ಕೇಳುತ್ತಿದ್ದೆ. ಎಂದೋ ಒಂದು ಬೆಳಿಗ್ಗೆ ಏನೂ ಆಗದವರಂತೆ “ಛಾ ಆತೇನು?” ಎನ್ನುತ್ತಿದ್ದರು. ಆ ಎರಡು ಶಬ್ದಕ್ಕೆ ನನಗೆ ಹಬ್ಬವಾಗುತ್ತಿತ್ತು. ಇಷ್ಟಾದರೂ ಅವರ ಮೇಲೆ ನನಗೆ ಜೀವ. ಸಂಗೀತ ಬಲ್ಲವರು. ಮಾತಾಡುವ ದಿನಗಳಲ್ಲಿ ಅವರಷ್ಟು ಚೆನ್ನಾಗಿ ಮಾತಾಡುವವರನ್ನು ನಾನು ಕಂಡಿಲ್ಲ.

ಪಕ್ಕದ ಮನೆಯ ಕಾಕೂ ಒಮ್ಮೆ ಹೇಳಿದರು: “ನಿಮ್ಮ ದನಿ ರೇಡಿಯೋದಾಗ ಬಂತಂದ್ರ ನಿಮ್ಮ ಮನಿಯವರು ನಮ್ಮ ಹುಡುಗರಿಗೆ ಗದ್ದಲಾ ಮಾಡಗೊಡೂದಿಲ್ಲ ನೋಡ್ರಿ. ಕಿಡಕ್ಯಾಗಿಂದ ಗದರಸ್ತಾರ.” ನಾನು ನಕ್ಕೆ. ಆ ವಾರ ಅವರು ನನ್ನ ಜೊತೆ ಮಾತು ಬಿಟ್ಟಿದ್ದರು. ಸ್ಟುಡಿಯೋದಲ್ಲಿ ಕೂತು ರೋಣ, ನವಲಗುಂದ, ಬ್ಯಾಡಗಿಯ ಯಾರಾರಿಗೋ ಹಾಡು ಹಾಕುತ್ತಿದ್ದ ನನ್ನನ್ನು ಅವರು ಬಾಗಿಲು ಹಾಕಿಕೊಂಡು ಕೇಳುತ್ತಿದ್ದರು. ಮನೆಗೆ ಬಂದ ನನಗೆ ಬೆನ್ನು ತೋರಿಸುತ್ತಿದ್ದರು. ಇದನ್ನು ನಾನು ಈಗಲೂ ಪೂರ್ತಿ ಅರ್ಥಮಾಡಿಕೊಂಡಿಲ್ಲ. ಕೇಳುವುದಕ್ಕೆ ಅವರಿಗೆ ಬೇಕಾಗಿದ್ದವಳು ಉತ್ತರ ಕೇಳದೆ ಮಾತಾಡುವವಳೇ ಇರಬಹುದು.

1984ರ ಮಳೆಗಾಲದಲ್ಲಿ ಅವರು ದೂರದ ಊರಿಗೆ ವರ್ಗ ಮಾಡಿಸಿಕೊಂಡರು. ಬಹಳ ದಿನ ಮುಚ್ಚಿದ್ದ ಬಾಯಿಂದ ಬಂದ ಮೊದಲ ಮಾತೇ ಅದು. “ನಾ ಒಬ್ಬನ ಹೋಗತೇನಿ. ನೀ ಬರೂದು ಬ್ಯಾಡ.” ಎಷ್ಟು ದಿನಕ್ಕೆ ಎಂದೆ. “ಬರೂದು ಬ್ಯಾಡ ಅಂದ್ನೆಲ್ಲಾ,” ಎಂದರು. ಟ್ರಂಕಿಗೆ ಬಟ್ಟೆ ಹೊಂದಿಸಿ ಕೊಟ್ಟವಳು ನಾನೇ. ಮಡಿಕೆ ಕೆಡಬಾರದೆಂದು ಅಂಗಿಗಳ ನಡುವೆ ಹಳೆಯ ಪತ್ರಿಕೆ ಕೂಡ ಇಟ್ಟೆ.

ಅವರು ಹೋದ ರಾತ್ರಿ ಅಡಿಗೆಮನೆಯಲ್ಲಿ ಕೂತು ಅತ್ತೆ. ಅದನ್ನು ವರ್ಣಿಸುವುದು ಬೇಡ, ಎಲ್ಲರೂ ಅಳುವ ಹಾಗೆಯೇ ಅತ್ತೆ. ಆಮೇಲೆ ಆದದ್ದು ನನಗೆ ನಾಚಿಕೆ ತಂದಿತು. ಹಸಿವಾಯಿತು. ಉಳಿದಿದ್ದ ಎರಡು ರೊಟ್ಟಿಗೆ ಶೇಂಗಾಹಿಂಡಿ, ಮೊಸರು ಹಚ್ಚಿಕೊಂಡು ತಿಂದೆ. ಮಲಗಿದೆ. ಬೆಳಗಿನ ಪಾಳಿಗೆ ಏಳಿಸಲು ಗಡಿಯಾರ ಬಡಿದುಕೊಳ್ಳುವ ತನಕ ಎಚ್ಚರವೇ ಆಗಲಿಲ್ಲ. ಮದುವೆಯಾದಂದಿನಿಂದ ನಾನು ಹಾಗೆ ನಿದ್ದೆ ಮಾಡಿರಲಿಲ್ಲ. ಎದ್ದಾಗ ಮನೆಯಲ್ಲಿ ಮೊದಲಿನಷ್ಟೇ ಮೌನವಿತ್ತು, ಆದರೆ ಈ ಮೌನ ಯಾರೂ ನನ್ನ ಮೇಲೆ ಹಾಕಿದ್ದಲ್ಲ. ಎದೆ ಒಡೆದುಹೋಗಿತ್ತು, ಹೆಗಲು ಹಗುರಾಗಿತ್ತು. ಎರಡೂ ಒಂದೇ ಮೈಯಲ್ಲಿ.

ದುಃಖವನ್ನು ಮುಚ್ಚಿಡುವುದು ನನಗೆ ಅಷ್ಟೇನೂ ಕಷ್ಟವಾಗಲಿಲ್ಲ. ಆ ನಿರಾಳವನ್ನು ಮುಚ್ಚಿಡುವುದು ಕಷ್ಟವಾಯಿತು. ಗಂಡ ಬಿಟ್ಟುಹೋದ ಹೆಂಗಸಿಗೆ ಅಳುವ ಹಕ್ಕನ್ನು ಊರು ಧಾರಾಳವಾಗಿ ಕೊಡುತ್ತದೆ. ಚೆನ್ನಾಗಿ ನಿದ್ದೆ ಬಂತು ಎನ್ನುವ ಹಕ್ಕನ್ನು ಕೊಡುವುದಿಲ್ಲ. ಅವ್ವ ಊರಿಂದ ಬಂದಳು, ಹಿಂದೆಯೇ ಮಾವಶಿ, ಅತ್ತಿಗೆ, ಸೋದರತ್ತೆ. ಒಬ್ಬೊಬ್ಬರೂ ಬಂದು ನನ್ನ ಕೈ ಹಿಡಿದು ಕೂತು ಕಾಯುತ್ತಿದ್ದರು. ಏನನ್ನು ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು, ಕೊಡುತ್ತಿದ್ದೆ. ಒಂದು ಸಂಜೆ ಮಾವಶಿಯ ಮಗ ಬಸ್ಸಿನಲ್ಲಿ ಕಂಡಕ್ಟರನಿಗೂ ಒಬ್ಬ ಅಜ್ಜಿಗೂ ಚಿಲ್ಲರೆಗಾಗಿ ನಡೆದ ಜಗಳವನ್ನು ಅಭಿನಯಿಸಿ ತೋರಿಸಿದ. ನಾನು ತಡೆಯಲಾಗದೆ ನಕ್ಕುಬಿಟ್ಟೆ. ಅವ್ವ ನನ್ನನ್ನು ಒಳಗೆ ಕರೆದು, “ಮಂದೀ ಮುಂದ ಹಂಗ ನಗಬ್ಯಾಡವಾ. ಈಗ ನಗೂದು ಛಂದ ಕಾಣಸೂದಿಲ್ಲ,” ಎಂದಳು. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವವಳಂತೆ.

ಹೀಗಾಗಿ ಯಾವುದು ವೇಷ, ಯಾವುದು ನಿಜ ಎನ್ನುವ ಲೆಕ್ಕ ನನಗೆ ತಲೆಕೆಳಗಾಯಿತು. ಮನೆಯಲ್ಲಿ ನಂಟರ ಮುಂದೆ ನಾನು ವೇಷ ಹಾಕುತ್ತಿದ್ದೆ. ಸ್ಟುಡಿಯೋದ ಕೆಂಪು ದೀಪ ಹತ್ತಿದ ಮೇಲೆ ಅದನ್ನು ಬಿಚ್ಚಿಡುತ್ತಿದ್ದೆ. ‘ಮುಂದೆ, ವಯಲಿನ್ ವಾದನ’ ಎನ್ನುವ ಮಾತಿನಲ್ಲಿ ಸುಳ್ಳು ಹೇಳಲು ಜಾಗವೇ ಇಲ್ಲ. ಮುಂದೆ ನಿಜವಾಗಿಯೂ ವಯಲಿನ್ ವಾದನ.

ಈಚೆಗೆ ತಂಗಿಯ ಮಗಳು ಒಂದು ಪುಸ್ತಕ ತಂದುಕೊಟ್ಟಳು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶಿಲ್ಡ್ 1983ರಲ್ಲಿ ಪ್ರಕಟಿಸಿದ್ದು, ಹೆಸರು ‘ದಿ ಮ್ಯಾನೇಜ್ಡ್ ಹಾರ್ಟ್’. ವಿಮಾನದ ಪರಿಚಾರಕಿಯರ ನಗುವಿನ ಮೇಲೆ ಬರೆದದ್ದು. ಮುಖದ ಮೇಲಿನ ನಗು ಕಂಪನಿಯ ಸ್ವತ್ತಾದಾಗ, ತಾನು ಅನುಭವಿಸುವುದು ತನ್ನದೋ ಮಾಲೀಕನದೋ ಎಂಬುದೇ ಕೆಲಸದವಳಿಗೆ ತಿಳಿಯದಂತಾಗುತ್ತದೆ ಎಂಬುದು ಅವರ ವಾದದ ತಿರುಳು. ದಿನವಿಡೀ ಪ್ರಯಾಣಿಕರ ಕಣ್ಣೆದುರು ನಿಲ್ಲಬೇಕಾದವರ ಮಟ್ಟಿಗೆ ಅದು ನಿಜವಿರಬೇಕು, ದಾದಿಯರಿಗೂ ಅಂಗಡಿಯ ಹುಡುಗಿಯರಿಗೂ ನಿಜ. ನನ್ನ ಪಾಲಿಗೆ ಉಲ್ಟಾ ಆಯಿತು. ಸರಕಾರದ ಸ್ವತ್ತಾಗಿದ್ದ ಆ ದನಿಯೊಳಗೆ ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಮುಖ ಹೇಗೆ ಬೇಕಾದರೂ ಇರಬಹುದಿತ್ತು. ಮಾತಿನಲ್ಲಿ ಸಮಾಧಾನವನ್ನಿಟ್ಟು, ಫೇಡರ್ ಇಳಿಸಿ, ಹಾಡು ಓಡುವಾಗ ಮೇಜಿನ ಮೇಲೆ ತಲೆಯಿಟ್ಟು ಕೂತದ್ದಿದೆ. ಗಾಜಿನ ಆಚೆಯ ಎಂಜಿನಿಯರರು ತಲೆನೋವೇ ಎಂದು ಸನ್ನೆಯಲ್ಲಿ ಕೇಳುತ್ತಿದ್ದರು. ಹೌದು ಎನ್ನುತ್ತಿದ್ದೆ. ಒಮ್ಮೆ ಅಮೃತಾಂಜನದ ಶೀಶೆ ಕಳಿಸಿದರು. ಅದು ಮೂಗಿಗೆ ನಿಜಕ್ಕೂ ಉಪಯೋಗಕ್ಕೆ ಬಂತು.

ಬೆಳಗಿನ ಪಾಳಿಯೆಂದರೆ ಐದೂ ಐವತ್ತೈದಕ್ಕೆ ಸಿಗ್ನೇಚರ್ ಟ್ಯೂನು. ತಂಬೂರಿಯ ಶ್ರುತಿಯ ಮೇಲೆ ಪಿಟೀಲು ಏರಿ ಇಳಿಯುವ ಆ ಸ್ವರಗುಚ್ಛವನ್ನು ಕಟ್ಟಿದವನು ವಾಲ್ಟರ್ ಕೌಫ್‌ಮನ್, ಜೆಕೊಸ್ಲೊವಾಕಿಯಾದ ಯಹೂದಿ. ಹಿಟ್ಲರನ ನೆರಳು ಬೀಳುತ್ತಿದ್ದಂತೆ ಯುರೋಪು ಬಿಟ್ಟು 1934ರಲ್ಲಿ ಮುಂಬೈಗೆ ಬಂದಿಳಿದವನು. ಆ ಟ್ಯೂನು ಶಿವರಂಜನಿಯ ಛಾಯೆಯದು ಎಂದು ಸಂಗೀತಗಾರರು ಗುರುತಿಸುತ್ತಾರೆ. ಶಿವರಂಜನಿ ಎಂದರೆ ಕರುಣೆಯ ರಾಗ. ಊರು ಬಿಟ್ಟು ಬಂದವನೊಬ್ಬ ಕಟ್ಟಿದ ಕರುಣರಸದ ಸ್ವರಗಳಿಂದ ಕೋಟ್ಯಂತರ ಮನೆಗಳಲ್ಲಿ ಬೆಳಗಾಗುತ್ತಿತ್ತು. ಯಾರೂ ಅದನ್ನು ದುಃಖವೆಂದು ಕೇಳಲಿಲ್ಲ. ಹಾಲು ಕಾಯಿಸುವ ಹೊತ್ತೆಂದು ಕೇಳಿದರು. ಕೌಫ್‌ಮನ್ ಅಮೆರಿಕದ ಬ್ಲೂಮಿಂಗ್ಟನ್ನಿನಲ್ಲಿ ತೀರಿಕೊಂಡದ್ದು ಅದೇ 1984ರಲ್ಲಿ. ನನಗದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತಿಳಿದ ದಿನ, ಆ ಮಳೆಗಾಲದಲ್ಲಿ ಅವನ ಟ್ಯೂನಿನ ಬೆನ್ನಿಗೇ ಬಾಯಿ ತೆರೆಯುತ್ತಿದ್ದವಳು ನಾನಲ್ಲವೇ ಎಂದುಕೊಂಡೆ. ಅದರಲ್ಲಿ ಅರ್ಥವೇನೂ ಇಲ್ಲ, ಸುಮ್ಮನೆ ಅನ್ನಿಸಿತು.

ನಮ್ಮಲ್ಲಿ ಹಿರಿಯರು ಹೊಸಬರಿಗೆ ಹೇಳುತ್ತಿದ್ದ ಕತೆ ಮೆಲ್ವಿಲ್ ಡಿ ಮೆಲ್ಲೊ ಅವರದು. 1948ರಲ್ಲಿ ಗಾಂಧೀಜಿಯ ಅಂತಿಮಯಾತ್ರೆಯ ವೀಕ್ಷಕ ವಿವರಣೆಯನ್ನು ಏಳು ತಾಸು ನಡೆಸಿದವರು. ಗಂಟಲು ಕಟ್ಟಿಕೊಳ್ಳದ ಹಾಗೆ, ಆದರೆ ಕಲ್ಲಾಗದ ಹಾಗೆ ಮಾತಾಡುವುದನ್ನು ಅವರಿಂದ ಕಲಿಯಬೇಕೆನ್ನುತ್ತಿದ್ದರು. ನನಗೆ ಆ ಕತೆಯ ಮೇಲೆ ಸ್ವಲ್ಪ ಮುನಿಸಿತ್ತು. ಇಡೀ ದೇಶದ ದುಃಖಕ್ಕೆ ದನಿಯಾಗುವುದು ದೊಡ್ಡ ಕೆಲಸ, ಒಪ್ಪಿದೆ. ಆದರೆ ಅಲ್ಲಿ ದನಿ ಒಮ್ಮೆ ನಡುಗಿದ್ದರೂ ಕೇಳುಗರು ಜೊತೆಗೇ ನಡುಗುತ್ತಿದ್ದರು. ಬೀಜೋಪಚಾರದ ಬಗ್ಗೆ ರೈತರಿಗೆ ಸಲಹೆ ಓದುವಾಗ ನಿಮ್ಮ ದನಿ ನಡುಗಿದರೆ ಏನು ಹೇಳುತ್ತೀರಿ?

ಆಮೇಲೆ ಅಕ್ಟೋಬರ್ 31 ಬಂತು.

ಬುಧವಾರ. ನನ್ನದು ಸಂಜೆ ಪಾಳಿ. ಮರುದಿನ ರಾಜ್ಯೋತ್ಸವ. ನಾಡಗೀತೆಗಳ, ವಿಶೇಷ ಕಾರ್ಯಕ್ರಮಗಳ ಟೇಪುಗಳು ಚೀಟಿ ಅಂಟಿಸಿಕೊಂಡು ಸಾಲಾಗಿ ಕೂತಿದ್ದವು. ಪೀಟರ್ ಉಸ್ತಿನೊವ್ ಎಂಬ ನಟನಿಗೆ ಸಂದರ್ಶನ ಕೊಡಲು ನಡೆದು ಹೊರಟಿದ್ದ ಇಂದಿರಾ ಗಾಂಧಿಯವರ ಮೇಲೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅವರ ಅಂಗರಕ್ಷಕರೇ ಗುಂಡು ಹಾರಿಸಿದ್ದರು. ಬಿಬಿಸಿ ಅವರ ಸಾವನ್ನು ಹೇಳಿಬಿಟ್ಟಿತ್ತು. ಆಕಾಶವಾಣಿ ಅದನ್ನು ಅಧಿಕೃತವಾಗಿ ಹೇಳಿದ್ದು ಸಂಜೆ. ನಡುವಿನ ಆ ಹೊತ್ತು ವಿಚಿತ್ರವಾದದ್ದು. ನಾನು ಹೋಗುವಾಗ ಲೈನ್ ಬಜಾರಿನಲ್ಲಿ ಅಂಗಡಿಗಳ ಬಾಗಿಲು ಒಂದೊಂದಾಗಿ ಇಳಿಯುತ್ತಿದ್ದವು. ಶಾರ್ಟ್‌ವೇವ್ ಇದ್ದ ಮನೆಗಳಿಂದ ಸುದ್ದಿ ಬೀದಿಗೆ ಬಂದಿತ್ತು. ಎಲ್ಲರಿಗೂ ಗೊತ್ತು, ಆದರೆ ನಾವು ಹೇಳುವ ತನಕ ಅದು ಆಗಿಲ್ಲ. ಗೊತ್ತಿದ್ದೂ ಹೇಳದೆ, ದನಿಯನ್ನು ಸಮವಾಗಿ ಇಟ್ಟುಕೊಂಡು ಕೂಡುವ ಕಸುಬು ಆ ದಿನ ನನ್ನೊಬ್ಬಳದಾಗಿರಲಿಲ್ಲ. ಇಡೀ ಸಂಸ್ಥೆ ಅದನ್ನೇ ಮಾಡುತ್ತಿತ್ತು.

ದಿಲ್ಲಿಯಿಂದ ಸುದ್ದಿ ಬಂದ ಮೇಲೆ ಎಲ್ಲ ಕಾರ್ಯಕ್ರಮ ರದ್ದಾದವು. ರಾಜ್ಯೋತ್ಸವದ ಟೇಪುಗಳು ಕಪಾಟಿಗೆ ವಾಪಸು ಹೋದವು. ಸಾರಂಗಿ, ಶಹನಾಯಿ, ವೀಣೆ ಇದ್ದ ಸ್ಪೂಲುಗಳು ಹೊರಬಂದವು. ದಿಲ್ಲಿ ದೂರದರ್ಶನದಲ್ಲಿ ಆ ಸಂಜೆ ಸಾವಿನ ಸುದ್ದಿ ಓದಿದವರು ಸಲ್ಮಾ ಸುಲ್ತಾನ್. ಕಿವಿಯ ಹತ್ತಿರ ಗುಲಾಬಿ ಮುಡಿಯುತ್ತಿದ್ದ ಅವರನ್ನು ಜನ ಇಂದಿಗೂ ಆ ಸುದ್ದಿಯ ಜೊತೆಗೇ ನೆನೆಯುತ್ತಾರೆ. ನಮ್ಮ ಪಾಲಿಗೆ ಅಂಥ ಮಾತೇನೂ ಇರಲಿಲ್ಲ. ದಿಲ್ಲಿಯ ವಾರ್ತೆಯನ್ನು ಸಹಪ್ರಸಾರ ಮಾಡುವುದು, ನಡುನಡುವೆ ಯಾವ ವಾದ್ಯವೆಂದು ಹೇಳುವುದು. ಸಾರಂಗಿ ಶುರುವಾಯಿತು. ನಾನು ಫೇಡರ್ ಮೇಲಿಂದ ಕೈ ತೆಗೆದೆ. ಆಮೇಲೆ ಅಳು ಹೇಗೆ ಬಂತೆಂದರೆ ಡ್ಯೂಟಿ ಆಫೀಸರು ಓಡಿ ಬಂದರು.

ಅವರೂ ಅಳುತ್ತಿದ್ದರು. ಶಿಪಾಯಿ ಅಳುತ್ತಿದ್ದ. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ನಿಂತಾಗ ಪ್ರಚಾರಕ್ಕೆ ಹೋಗಿದ್ದವನೊಬ್ಬ ಕಾರಿಡಾರಿನಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಶಿಪಾಯಿ ನನ್ನ ಮುಂದೆ ಕಪ್ಪು ಇಟ್ಟು, “ಬಾಯಾರ, ಛಾ ಕುಡೀರಿ. ದೇಶಕ್ಕ ದೇಶಾನ ಅಳಾಕತ್ತೈತಿ, ನೀವೇನ್ ನಾಚಬ್ಯಾಡ್ರಿ,” ಎಂದ. ಅಷ್ಟು ತಿಂಗಳಲ್ಲಿ ಮೊದಲ ಸಲ ನಾನು ಜನರ ನಡುವೆ, ಲೆಕ್ಕವಿಲ್ಲದೆ, ಗಡಿಯಾರ ನೋಡದೆ ಅತ್ತೆ. ಪ್ರಧಾನಿಗಾಗಿ ಅತ್ತೆನೇ? ಸ್ವಲ್ಪ ಹೌದು. ಮನೆಯಲ್ಲಿ ಅವ್ವನಿಗಾಗಿ, ಮಾವಶಿಗಾಗಿ ಸುರಿಸಿದ ಕಣ್ಣೀರಿಗಿಂತ ಇದು ನನ್ನದಾಗಿತ್ತು. ಮೂಗು ಕಟ್ಟಿತು. ಕಟ್ಟಲಿ. ಆ ರಾತ್ರಿ ದೇಶದ ಯಾವ ನಿಲಯದಲ್ಲಿ ಯಾರ ದನಿ ಸರಿಯಿತ್ತು? ಮುಂದಿನ ದಿನಗಳಲ್ಲೂ ಹಾಡಿಲ್ಲ, ನಗೆಯ ನಾಟಕವಿಲ್ಲ, ಕೋರಿಕೆಯ ಕಾರ್ಯಕ್ರಮವಿಲ್ಲ. ನನ್ನ ಮನೆಯ ಸೂತಕಕ್ಕೆ ಸರಕಾರವೇ ರಜೆ ಘೋಷಿಸಿದ ಹಾಗಿತ್ತು. ಇದನ್ನು ಹೇಳಬಾರದು, ಆದರೆ ಆ ವಾರ ನಾನು ಸುಖವಾಗಿದ್ದೆ.

ಅದೇ ವಾರ ದಿಲ್ಲಿಯ ಬೀದಿಗಳಲ್ಲಿ ಸಿಖ್ಖರನ್ನು ಮನೆಗಳಿಂದ ಎಳೆದು ಕೊಲ್ಲುತ್ತಿದ್ದರು. ದಿಲ್ಲಿಯೊಂದರಲ್ಲೇ 2,733 ಮಂದಿ ಸತ್ತರೆಂಬುದು ಆಮೇಲೆ ಬಂದ ಅಧಿಕೃತ ಲೆಕ್ಕ. ನಾವು ಸಾರಂಗಿ ಹಾಕುತ್ತಿದ್ದೆವು. ಸಮಾಧಾನದ ದನಿಯನ್ನು ಹೊಗಳುವವರು ಎದುರು ಸಿಕ್ಕಾಗೆಲ್ಲ ನನಗೆ ಇದು ನೆನಪಾಗುತ್ತದೆ. ಸಮ ಶ್ರುತಿಯ ದನಿ ಒಬ್ಬಳ ಮನೆಯ ಗುಟ್ಟನ್ನು ಕಾಯಬಲ್ಲದು. ಅಷ್ಟೇ ಸಲೀಸಾಗಿ ಉರಿಯುವ ಮೊಹಲ್ಲಾವನ್ನೂ ಮುಚ್ಚಬಲ್ಲದು. ದನಿಗೆ ಆ ಭೇದ ತಿಳಿಯುವುದಿಲ್ಲ.

ಶೋಕಾಚರಣೆ ಮುಗಿದು ಕೋರಿಕೆಯ ಹಾಡುಗಳು ಮತ್ತೆ ಶುರುವಾದ ಮೇಲೆ ಕಾರ್ಡುಗಳ ರಾಶಿ ಬಂತು. ಹದಿನೈದು ಪೈಸೆಯ ಪೋಸ್ಟ್‌ಕಾರ್ಡು, ಅದರ ಅಂಚಿನ ತನಕ ಹೆಸರುಗಳು: ಗಂಡ, ಹೆಂಡತಿ, ಮಕ್ಕಳು, ಅತ್ತೆ, ಪಕ್ಕದ ಅಂಗಡಿಯವರು, ಅವರ ಗೆಳೆಯರು. ಹಾಡಿಗಿಂತ ಹೆಸರೇ ಮುಖ್ಯ. ಹೊಸದಾಗಿ ಮದುವೆಯಾದವರು ಇಬ್ಬರ ಹೆಸರನ್ನೂ ಜೋಡಿಸಿ ಬರೆಯುತ್ತಿದ್ದರು. ಆ ಜೋಡಿ ಹೆಸರುಗಳನ್ನು ಓದುವಾಗ ಮಾತ್ರ ನನಗೆ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೊಂದು ಉಪಾಯ ಕಂಡುಕೊಂಡೆ. ಊರಿನ ಹೆಸರನ್ನು ಮೊದಲು ಹೇಳಿಬಿಡುವುದು. ‘ಮುಂಡರಗಿಯಿಂದ’ ಎಂದು ನಿಧಾನವಾಗಿ ಹೇಳಿ ಉಸಿರು ತೆಗೆದುಕೊಂಡರೆ ಹೆಸರುಗಳು ದಾಟಿಹೋಗುತ್ತಿದ್ದವು. ಊರಿನ ಮೇಲೆ ಅಷ್ಟು ಒತ್ತು ಕೊಟ್ಟು ಓದುವ ಆ ಶೈಲಿಯನ್ನು ಆಮೇಲೆ ಬಂದ ಒಂದಿಬ್ಬರು ಉದ್ಘೋಷಕರು ಅನುಕರಿಸಿದರು. ಅದರ ಮೂಲ ಇದೆಂದು ಅವರಿಗೆ ನಾನು ಹೇಳಲಿಲ್ಲ.

ಆ ರಾಶಿಯಲ್ಲೇ ಇತ್ತು, ಸವದತ್ತಿ ಕಡೆಯ ಹಳ್ಳಿಯೊಂದರಿಂದ ಶಾಲೆಯ ಮಾಸ್ತರರೊಬ್ಬರ ಕಾರ್ಡು. ಹಾಡು ಕೇಳಿರಲಿಲ್ಲ. “ಅಕ್ಕಾವರಿಗೆ ನಮಸ್ಕಾರ. ಈಚೆಗೆ ನಿಮ್ಮ ದನಿ ಭಾಳ ಛಂದ ಆಗೇದ್ರಿ. ಮೊದಲ ಒಂದು ನಮೂನಿ ಅವಸರ ಇರತಿತ್ತು, ಯಾರೋ ಕರದ್ಹಾಂಗ. ಈಗ ಇಲ್ಲ.” ಅಷ್ಟೇ.

ನಾನು ಆ ಕಾರ್ಡನ್ನು ಎಷ್ಟೋ ಹೊತ್ತು ಹಿಡಿದುಕೊಂಡು ಕೂತೆ. ನನ್ನ ದುಃಖ ದನಿಯಲ್ಲಿ ತೋರಬಾರದೆಂದು ಕಾವಲು ಹಾಕಿದ್ದೆ. ಅದು ತೋರಿರಲಿಲ್ಲ. ಹಿಂಬಾಗಿಲಿನಿಂದ ಆ ಇನ್ನೊಂದು ಹೊರಬಿದ್ದಿತ್ತು. ಅವ್ವ ಮಂದಿಯ ಮುಂದೆ ತೋರಿಸಬೇಡವೆಂದದ್ದು, ನಾನೇ ನನಗೆ ಒಪ್ಪಿಕೊಳ್ಳದೆ ಇದ್ದದ್ದು. ನನ್ನ ಮುಖವನ್ನೇ ನೋಡಿರದ ಮಾಸ್ತರರಿಗೆ ಕೇಳಿಸಿತ್ತು. ಅವಸರ ಇದ್ದದ್ದು ನಿಜ. ಪ್ರತಿ ಪಾಳಿಯಲ್ಲೂ ಅರ್ಧ ಕಿವಿ ಮನೆಯ ಕಡೆ ಇರುತ್ತಿತ್ತು. ಇವತ್ತು ಮಾತಾಡಿಯಾರೇ, ಎಷ್ಟು ತಡವಾದೀತು, ಬಸ್ಸು ಸಿಕ್ಕೀತೇ. ವಾದ್ಯವೃಂದದಲ್ಲಿದ್ದ ಹಿರಿಯರೊಬ್ಬರೂ ಅದೇ ದಿನಗಳಲ್ಲಿ, “ಏನವಾ, ದನಿ ತುಸು ಕೆಳಗ ಇಳದದಲ್ಲಾ? ಗಂಗೂಬಾಯಿಯವರ ದನಿನೂ ಗಂಟಲಿನ ಬ್ಯಾನಿ ಆದ ಮ್ಯಾಲೇ ಗಡಸಾತು. ಹೆದರಬ್ಯಾಡ,” ಎಂದು ಚೇಷ್ಟೆ ಮಾಡಿದ್ದರು. ಗಂಗೂಬಾಯಿ ಹಾನಗಲ್ಲರ ಹೆಸರು ಕೇಳಿ ಹಿಗ್ಗಿ ನಾನದನ್ನು ಅಷ್ಟಕ್ಕೇ ಬಿಟ್ಟಿದ್ದೆ.

ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಆದ ತಿದ್ದುಪಡಿಯಿಂದ ಇಬ್ಬರೂ ಒಪ್ಪಿದರೆ ಬೇರೆಯಾಗಬಹುದಿತ್ತು. ಒಂದು ವರ್ಷ ಬೇರೆ ಇದ್ದಿರಬೇಕಿತ್ತು, ಅರ್ಜಿ ಹಾಕಿದ ಮೇಲೂ ಆರು ತಿಂಗಳು ಕಾಯಬೇಕಿತ್ತು. ಅವರ ಪತ್ರ ಬಂತು, ವಕೀಲರ ಮೂಲಕ. ನಾನು ಒಪ್ಪಿದೆ. ಅದರ ಕಾಗದಪತ್ರದ ಓಡಾಟವನ್ನು ಬರೆಯುವಂಥದ್ದೇನೂ ಇಲ್ಲ. ಕೋರ್ಟಿನಲ್ಲಿ ನನ್ನ ಹೆಸರು ಕೂಗಿದರು. ನಾನು ಎದ್ದು, ಕೇಳಿದ್ದಕ್ಕೆ ಹೆಸರು, ವಯಸ್ಸು, ವಿಳಾಸ ಹೇಳಿದೆ. ಬರೆದುಕೊಳ್ಳುತ್ತಿದ್ದ ಗುಮಾಸ್ತರು ಪೆನ್ನು ನಿಲ್ಲಿಸಿ ಮುಖವೆತ್ತಿದರು. “ನೀವು... ರೇಡಿಯೋದವರಲ್ರೀ?” ಎಂದರು, ಮೆಲ್ಲಗೆ, ಸಂತೋಷ ತಡೆಯಲಾಗದೆ. ಹಿಂದಿನ ಬೆಂಚಿನಲ್ಲಿ ಗುಸುಗುಸು ಆಯಿತು. ನ್ಯಾಯಾಧೀಶರು ಕೆಮ್ಮಿದರು. ಒತ್ತಾಯವೇನಾದರೂ ಇದೆಯೇ ಎಂದು ಅವರು ಕೇಳಿದಾಗ, “ಇಲ್ಲ, ನನ್ನ ಸ್ವಂತ ಇಚ್ಛೆಯಿಂದ ಒಪ್ಪಿದ್ದೇನೆ,” ಎಂದೆ. ಧಾರವಾಡದ ಮಾತಲ್ಲ, ಪ್ರಸಾರದ ಕನ್ನಡ. ಪದ ಪದ ಬಿಡಿಸಿ, ಪೂರ್ಣವಿರಾಮ ಹಾಕಿ. ಅಲ್ಲೊಂದು ಮೈಕಿದ್ದರೆ ಆ ವಾಕ್ಯ ಎಲ್ಲ ನಿಲಯಗಳಿಗೂ ಸಲ್ಲುವಂತಿತ್ತು. ನನ್ನ ಮನೆಯವರು ಆಚೆ ಬದಿಯಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮನೆಯಲ್ಲಿ ರೇಡಿಯೋ ಮುಂದೆ ಕೂತಾಗಲೂ ಹಾಗೆಯೇ ಕೂಡುತ್ತಿದ್ದರೋ ಏನೋ, ನಾನು ನೋಡಿರಲಿಲ್ಲ. ಆಗ ನಾನು ರೇಡಿಯೋದ ಒಳಗಿರುತ್ತಿದ್ದೆ.

ಅಂದು ಸಂಜೆ ಪಾಳಿ ಬದಲಾಯಿಸಿಕೊಳ್ಳಿ ಎಂದು ಗೆಳತಿ ಹೇಳಿದಳು. ಒಲ್ಲೆನೆಂದೆ.

ಆಮೇಲೆ ಎಷ್ಟೋ ವರ್ಷ ಕಳೆಯಿತು. ಟೇಪು ಹೋಗಿ ಕಂಪ್ಯೂಟರು ಬಂತು. ಆಗಿನ ಧಾರವಾಡ ಜಿಲ್ಲೆಯಿಂದ 1997ರಲ್ಲಿ ಗದಗ, ಹಾವೇರಿ ಬೇರೆಯಾದವು. ಊರಿನ ಹೆಸರು ಹೇಳುವಾಗ ನನಗೆ ಜಿಲ್ಲೆ ತಪ್ಪುತ್ತಿತ್ತು. ತಾತ್ಕಾಲಿಕ ಉದ್ಘೋಷಕರಾಗಿ ಬಂದ ಹುಡುಗ ಹುಡುಗಿಯರು ಕೆಲವೊಮ್ಮೆ ಕೆಂಪು ಕಣ್ಣು ಮಾಡಿಕೊಂಡು ಬರುತ್ತಿದ್ದರು. ಏನಾಯಿತೆಂದು ನಾನು ಕೇಳುತ್ತಿರಲಿಲ್ಲ. ‘ಮಾನ ಮನೆ ನೆನಪು’ ಎಂದು ಹೇಳು ನೋಡೋಣ ಎನ್ನುತ್ತಿದ್ದೆ. ಸರಿಯಾಗಿ ಬಂದರೆ ಒಳಗೆ ಹೋಗು, ಬರದಿದ್ದರೆ ಇನ್ನೊಂದು ಉದ್ದನೆಯ ಹಾಡು ಹಾಕುತ್ತೇನೆ, ಮುಖ ತೊಳೆದುಕೊಂಡು ಬಾ.

ಅವರನ್ನು ಮತ್ತೆ ಕಂಡದ್ದು ಹುಬ್ಬಳ್ಳಿಯಲ್ಲಿ, ಇಬ್ಬರಿಗೂ ನಂಟರಾಗಿದ್ದವರ ಮನೆಯ ಮದುವೆಯಲ್ಲಿ. ಕೂದಲು ಬೆಳ್ಳಗಾಗಿತ್ತು. ಮಂಟಪದ ಪಕ್ಕದಲ್ಲಿ ಎದುರಾದರು. ತಪ್ಪಿಸಿಕೊಳ್ಳಲು ಇಬ್ಬರಿಗೂ ಜಾಗವಿರಲಿಲ್ಲ.

“ಆರಾಮಿದ್ದೀ?” ಎಂದರು.

“ಆರಾಮಿದ್ದೇನ್ರೀ. ನೀವು?”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಳೆಯ ಅಭ್ಯಾಸ, ನನ್ನ ಹೊಟ್ಟೆಯಲ್ಲಿ ತಣ್ಣಗಾಯಿತು. ಆಮೇಲೆ, “ನಾ ಈಗೂ ಹಚ್ಚತೇನಿ ರೇಡಿಯೋ. ಧಾರವಾಡ ಹಿಡೀತದ ಅಲ್ಲೆ. ನೀ ಭಾಳ ಸಮಾಧಾನದಿಂದ ಮಾತಾಡ್ತೀ,” ಎಂದರು.

“ಕೇಳ್ರಿ,” ಎಂದೆ. ಯಾರೋ ಅವರನ್ನು ಕರೆದರು, ಹೋದರು.

ಪಂಕ್ತಿಯಲ್ಲಿ ಅವ್ವ ನನಗೆ ಜಾಗ ಹಿಡಿದಿದ್ದಳು. ಎಂಬತ್ತು ದಾಟಿದ್ದರೂ ಕಣ್ಣು ಚುರುಕು, ಎಲ್ಲವನ್ನೂ ದೂರದಿಂದ ನೋಡಿದ್ದಳು.

“ಏನಂದಾ ಅಂವಾ?”

“ರೇಡಿಯೋದಾಗ ನಾ ಛಲೋ ಮಾತಾಡ್ತೇನಂತ.”

ಅವ್ವ ಎಲೆಯ ಮೇಲೆ ನೀರು ಚಿಮುಕಿಸುತ್ತಿದ್ದವಳು ಕೈ ನಿಲ್ಲಿಸಿದಳು. “ಒಂದ ಮನ್ಯಾಗ ಇದ್ದಾಗ ಅದನ್ನ ಹೇಳಲಿಕ್ಕೆ ಅವನ ಬಾಯಿಗೆ ಏನ್ ಬಡಕೊಂಡಿತ್ತು?” ಎಂದಳು. ಮೆಲ್ಲಗೆ ಹೇಳಲಿಲ್ಲ. ಎದುರು ಪಂಕ್ತಿಯವರೆಲ್ಲ ತಿರುಗಿ ನೋಡಿದರು. ನನಗೆ ನಗು ಬಂತು, ತಡೆಯಲಿಲ್ಲ, ಅವ್ವನೂ ಈ ಸಲ ಬೇಡವೆನ್ನಲಿಲ್ಲ. ಬಡಿಸುವವನನ್ನು ಕರೆದು ನನ್ನ ಎಲೆಗೆ ಎರಡು ಹೋಳಿಗೆ ಹಾಕಿಸಿದಳು.